ಸೈಕಲ್ ತುಳಿಯೋ ವಿಲನ್‌ಗಳ ಪರವಾಗಿ

ದಾವಣಗೆರೆಯಿಂದ ಬರೆದ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೇಲಿ 'ಟರ್ಬೊ ಕಿಡ್' ಅನ್ನೋ ಸಿನಿಮಾಗೆ ಎರಡು ಪುಟ ಕೊಟ್ಟಿದ್ದಕ್ಕೆ ಚೆನ್ನಾಗೇ ಝಾಡಿಸಿದ್ದೀರಿ. "ಪ್ರಪಂಚವೇ ಹಾಳಾದ್ಮೇಲೆ ರೌಡಿಗಳು ಮಕ್ಕಳ ಸೈಕಲ್ ತುಳ್ಕೊಂಡು ಬರ್ತಾರೆ, ದುಡ್ಡಿಲ್ದೆ ಮಾಡಿದ್ರು ಅಂತ ಇದನ್ನ ಹೊಗಳೋದಾ?" ಅಂತ ಕೇಳಿದ್ದೀರಿ. ಇಲ್ಲ ಸ್ವಾಮಿ, ಬರೀ ಅದಕ್ಕೇ ಯಾರೂ ಹೊಗಳಲ್ಲ. ಆದ್ರೆ ಪ್ರಪಂಚ ಮುಗಿದುಹೋಗಿದೆ, ಕುಡಿಯೋಕೇ ನೀರಿಲ್ಲ ಅಂದ್ಮೇಲೆ ಪೆಟ್ರೋಲ್ ಎಲ್ಲಿಂದ ಬರ್ಬೇಕು ಹೇಳಿ? ಸೈಕಲ್ಲೇ ಗತಿ! ನಿರ್ಮಾಪಕರ ಜೇಬೂ ಖಾಲಿ, ಕಥೆಯೊಳಗಿನ ಊರೂ ಖಾಲಿ, ಹಾಗಾಗಿ ತೆರೆ ಮೇಲೆ ಕಾಣೋ ಬಡತನ ಸುಳ್ಳು ಅನ್ಸಲ್ಲ. ಪ್ರಪಂಚ ಮುಗಿದ ಮೇಲಿನ ಕಥೆ ಬಿಟ್ರೆ ಬೇರೆ ಯಾವ ಬಗೆಯ ಸಿನಿಮಾಗೂ ಈ ಅನುಕೂಲ ಇಲ್ಲ, ರಾಜರ ಕಥೆ ಮಾಡೋಕೆ ಹೊರಟವರು ರಟ್ಟಿನ ಅರಮನೆ ಕಟ್ಟಿದ್ರೆ ಸಿಕ್ಕಿಬೀಳ್ತಾರೆ.

ಇನ್ನೊಂದು ಮಜಾ ಅಂದ್ರೆ ಅದು 2015ರಲ್ಲಿ ಬಂದ ಸಿನಿಮಾ, ಅದ್ರಲ್ಲಿ 'ಭವಿಷ್ಯ' ಅಂತ ತೋರ್ಸೋದು 1997ನ್ನ. ಅಂದ್ರೆ ಎಂಬತ್ತರ ದಶಕದ ವಿಡಿಯೋ ಕ್ಯಾಸೆಟ್ ಕಾಲದವರು ಹೆದರ್ಕೊಂಡಿದ್ದ ನಾಳೆ ಅದು, ನಮಗೆ ಆಗ್ಲೇ ದಾಟಿಹೋದ ನಿನ್ನೆ. ವಿಲನ್ ಆಗಿ ಮೈಕಲ್ ಐರನ್‌ಸೈಡ್, ಹಿನ್ನೆಲೆಗೆ ಸಿಂತಸೈಜರ್ ಸಂಗೀತ, ರಕ್ತ ಅಂತೂ ಬಕೆಟ್‌ಗಟ್ಲೆ (ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ದಯವಿಟ್ಟು ನೋಡ್ಬೇಡಿ).

ಈ ಥರದ ಸಿನಿಮಾಗಳಿಗೆ ದಾರಿ ಮಾಡಿಕೊಟ್ಟ 1979ರ 'ಮ್ಯಾಡ್ ಮ್ಯಾಕ್ಸ್' ಕೂಡ ಹಣ ಇಲ್ಲದವರ ಸಿನಿಮಾನೇ. ಡೈರೆಕ್ಟರ್ ಜಾರ್ಜ್ ಮಿಲ್ಲರ್ ಆಗ ಡಾಕ್ಟರು, ಎಮರ್ಜೆನ್ಸಿ ವಾರ್ಡಲ್ಲಿ ಆಕ್ಸಿಡೆಂಟ್ ಕೇಸುಗಳನ್ನ ಕಣ್ಣಾರೆ ನೋಡಿದ್ದವರು, ಖರ್ಚು ಸುಮಾರು ನಾಲ್ಕು ಲಕ್ಷ ಆಸ್ಟ್ರೇಲಿಯನ್ ಡಾಲರ್, ಮೊದಲ ಚೇಸಲ್ಲಿ ಪುಡಿಪುಡಿ ಆಗೋ ನೀಲಿ ವ್ಯಾನ್ ಅವರದ್ದೇ! ಆ ಡಿಕ್ಕಿಗಳು ಇವತ್ತಿಗೂ ಮೈ ಜುಮ್ ಅನ್ಸೋದು ಕಬ್ಬಿಣಕ್ಕೆ ಕಬ್ಬಿಣ ನಿಜವಾಗ್ಲೂ ಬಡಿದಿದ್ದಕ್ಕೆ, ಕಂಪ್ಯೂಟರಲ್ಲಿ ಮಾಡಿದ ಸ್ಫೋಟಕ್ಕೆ ಆ ತೂಕ ಬರಲ್ಲ ಅನ್ನೋದು ನನ್ನ ಹಠ.

ಹಾಗಂತ ಎಲ್ಲಾ ಅಗ್ಗದ ಸರಕೂ ಚಿನ್ನ ಅಂತಿಲ್ಲ. ಆಮೇಲೆ ಇಟಲಿಯವರು ಇಂಥ ಸಿನಿಮಾಗಳ ನಕಲು ಸಾಲಾಗಿ ಇಳಿಸಿದ್ರಲ್ಲ, ಬಹಳಷ್ಟು ಬೋರ್ ಹೊಡಿಸ್ತವೆ. ಆದ್ರೆ ಎಂಜೊ ಕಾಸ್ಟೆಲಾರಿಯ '1990: ದಿ ಬ್ರಾಂಕ್ಸ್ ವಾರಿಯರ್ಸ್' (1982) ನೋಡಿ, ಕಥೆ ಬಿಡಿ ಅದು ಏನೂ ಇಲ್ಲ, ಹೊರಗಿನ ಶಾಟ್‌ಗಳಲ್ಲಿ ಕಾಣೋ ಪಾಳು ಕಟ್ಟಡಗಳನ್ನ ಯಾರೂ ಸೆಟ್ ಹಾಕಿ ಮಾಡಿದ್ದಲ್ಲ, ಆ ಕಾಲದ ನ್ಯೂಯಾರ್ಕಿನ ಬ್ರಾಂಕ್ಸ್ ನಿಜಕ್ಕೂ ಹಾಗಿತ್ತು.

ನಿಮಗೆ ರಕ್ತವೂ ಬೇಡ ಸೈಕಲ್ಲೂ ಬೇಡ ಅಂದ್ರೆ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ 'ಲಾ ಜೆಟೆ' ನೋಡಿ. ಮೂರನೇ ಮಹಾಯುದ್ಧ ಮುಗಿದ ಪ್ಯಾರಿಸ್, 28 ನಿಮಿಷ, ಹೆಚ್ಚುಕಮ್ಮಿ ಪೂರ್ತಿ ಸ್ಟಿಲ್ ಫೋಟೋಗಳಲ್ಲೇ ಕಥೆ, ಒಂದೇ ಒಂದು ಕಡೆ ಚಿತ್ರ ಅಲುಗಾಡುತ್ತೆ, ಎಲ್ಲಿ ಅಂತ ಹೇಳಲ್ಲ. ನೋಡಿದ್ಮೇಲೂ ಬೈಬೇಕು ಅನ್ಸಿದ್ರೆ ಬರೀರಿ, ಮುಂದಿನ ಸಂಚಿಕೇಲಿ ಜಾಗ ಇಟ್ಟಿರ್ತೀನಿ.

– ಸಂಪಾದಕ