222–0 ಹೊಡೆಸಿದ ಕೋಚ್‌ಗೆ ಯಾಕೆ ಇಷ್ಟು ಮರ್ಯಾದೆ?

ಕಳೆದ ಸಂಚಿಕೆಯ ಜಾನ್ ಹೈಸ್‌ಮನ್ ಲೇಖನ ಓದಿ ನೀವು ಸಿಟ್ಟಾಗಿದ್ದೀರಿ. ಎದುರಾಳಿಯನ್ನು 222–0ಯಲ್ಲಿ ಹೊಸಕಿ ಹಾಕಿದವನ ಹೆಸರಲ್ಲಿ ಅಮೆರಿಕದ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಪ್ರಶಸ್ತಿ ಕೊಡ್ತಾರಲ್ಲ, ನಾಚಿಕೆ ಆಗಲ್ವಾ ಅಂತ ಕೇಳಿದ್ದೀರಿ.

ಆ ಪಂದ್ಯವನ್ನು ನಾನು ಸಮರ್ಥಿಸುವುದಿಲ್ಲ. 1916ರ ಅಕ್ಟೋಬರ್ 7, ಅಟ್ಲಾಂಟಾ. ಹೈಸ್‌ಮನ್ ಜಾರ್ಜಿಯಾ ಟೆಕ್ ಕೋಚ್. ಎದುರಿಗಿದ್ದ ಕಂಬರ್ಲೆಂಡ್ ಕಾಲೇಜು ಫುಟ್‌ಬಾಲ್ ತಂಡವನ್ನೇ ಕೈಬಿಟ್ಟಿತ್ತು. ಬಂದರೆ 500 ಡಾಲರ್ ಕೊಡ್ತೀವಿ, ಬರದಿದ್ದರೆ 3,000 ಡಾಲರ್ ದಂಡ ಅಂತ ಟೆಕ್‌ನವರು ಪಟ್ಟು ಹಿಡಿದರು. ಪಾಪ, ಅವರು ಸಿಕ್ಕ ಹುಡುಗರನ್ನು ಕೂಡಿಸಿಕೊಂಡು ರೈಲು ಹತ್ತಿದರು. ಅರ್ಧ ಆಟಕ್ಕೇ 126–0! ಆ ವರ್ಷ ಬೇಸ್‌ಬಾಲ್‌ನಲ್ಲಿ ಕಂಬರ್ಲೆಂಡ್ ದುಡ್ಡಿಗೆ ಆಡುವವರನ್ನು ತಂದು ಟೆಕ್ ತಂಡವನ್ನು 22–0ಯಲ್ಲಿ ಸೋಲಿಸಿತ್ತು ಎಂಬ ಸಿಟ್ಟು ಇವರಿಗೆ. ಸುಮ್ನೆ ಹಗೆ ತೀರಿಸಿಕೊಂಡಿದ್ದು, ಅಷ್ಟೇ.

ತಮಾಷೆ ಏನು ಗೊತ್ತಾ? ಅಷ್ಟು ಅಂಕ ಹೊಡೆದ ಟೆಕ್ ಅವತ್ತು ಒಂದೂ ಫಾರ್ವರ್ಡ್ ಪಾಸ್, ಅಂದರೆ ಜೊತೆಗಾರನಿಗೆ ಚೆಂಡನ್ನು ಮುಂದಕ್ಕೆ ಎಸೆಯುವುದು, ಮಾಡಲಿಲ್ಲ. ಅದನ್ನು ಆಟಕ್ಕೆ ತರಲು ವರ್ಷಗಟ್ಟಲೆ ಹೋರಾಡಿದವರು ಇದೇ ಹೈಸ್‌ಮನ್.

ಈ ಫುಟ್‌ಬಾಲ್ ನಾವು ಕಾಲಲ್ಲಿ ಆಡುವುದಲ್ಲ, ಚೆಂಡನ್ನು ಕೈಲಿ ಹಿಡಿದು ನುಗ್ಗುವುದು. ಆಗ ಮುಂದಕ್ಕೆ ಎಸೆಯುವಂತಿರಲಿಲ್ಲ, ಹಾಗಾಗಿ ಎಲ್ಲರೂ ಗುಂಪುಗೂಡಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಕತ್ತು ಮುರಿದು ಹುಡುಗರು ಸಾಯುತ್ತಿದ್ದರು. 1895ರಲ್ಲಿ ಹೈಸ್‌ಮನ್ ಒಂದು ಪಂದ್ಯ ನೋಡುತ್ತಿದ್ದರು. ನಾರ್ತ್ ಕೆರೊಲಿನಾದವನೊಬ್ಬ ಚೆಂಡು ಒದೆಯಲು ಹೋಗಿ, ಜಾರ್ಜಿಯಾದವರು (ಟೆಕ್ ಅಲ್ಲ, ಬೇರೆ ತಂಡ) ಮೈಮೇಲೆ ಬಂದಾಗ ಗಾಬರಿಯಲ್ಲಿ ಮುಂದಕ್ಕೆ ಎಸೆದುಬಿಟ್ಟ. ಅವನ ಜೊತೆಗಾರ ಹಿಡಿದು ಓಡಿ ಅಂಕ ಗಳಿಸಿದ. ಜಾರ್ಜಿಯಾ ಕೋಚ್ ಪಾಪ್ ವಾರ್ನರ್ ಕೂಗಾಡಿದರು, ರೆಫರಿ ನಾನು ನೋಡಲೇ ಇಲ್ಲ ಅಂದ. ಆದರೆ ಹೈಸ್‌ಮನ್ ನೋಡಿದ್ದರು. ಇದಕ್ಕೆ ಅನುಮತಿ ಕೊಟ್ಟರೆ ಆಟಗಾರರು ಮೈದಾನದ ತುಂಬ ಹರಡಿಕೊಳ್ಳುತ್ತಾರೆ, ನೂಕುನುಗ್ಗಲು ಕಡಿಮೆಯಾಗುತ್ತದೆ ಅಂತ ನಿಯಮ ಮಾಡುವ ವಾಲ್ಟರ್ ಕ್ಯಾಂಪ್‌ಗೆ ಬರೆದರು. ಕಿವಿಗೆ ಹಾಕಿಕೊಳ್ಳಲಿಲ್ಲ. 1905ರಲ್ಲಿ ಸಾವುಗಳು ಜಾಸ್ತಿಯಾಗಿ ಅಧ್ಯಕ್ಷ ರೂಸ್‌ವೆಲ್ಟ್ ಮಧ್ಯೆ ಬರಬೇಕಾಯಿತು. 1906ರಲ್ಲಿ ಪಾಸ್‌ಗೆ ಒಪ್ಪಿಗೆ ಸಿಕ್ಕಿತು. ಒಬ್ಬರೇ ಮಾಡಿದ್ದಲ್ಲ ನಿಜ, ಆದರೂ ನನ್ನ ಲೆಕ್ಕದಲ್ಲಿ 222ಕ್ಕಿಂತ ಇದು ದೊಡ್ಡದು.

ಮನುಷ್ಯ ವಿಚಿತ್ರ ಬಿಡಿ. ಕಾನೂನು ಓದಿ ಕೋಚ್ ಆದರು, ಆಟದ ಸೀಸನ್ ಮುಗಿದರೆ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ವಿಚ್ಛೇದನವಾದಾಗ, ಯಾವ ಊರಲ್ಲಿ ಇರ್ತೀಯೋ ನೀನೇ ಹೇಳು, ನಾನು ಅಲ್ಲಿರಲ್ಲ ಅಂತ ಹೆಂಡತಿಗೆ ಹೇಳಿದರಂತೆ. ಆಕೆ ಅಟ್ಲಾಂಟಾ ಅಂದರು. ಹದಿನಾರು ಸೀಸನ್ ಕಟ್ಟಿದ ತಂಡ ಬಿಟ್ಟು ಇವರು ಪೆನ್ಸಿಲ್ವೇನಿಯಾಕ್ಕೆ ಹೊರಟರು.

ಇನ್ನು ಆ ಪ್ರಶಸ್ತಿಗೆ ತಮ್ಮ ಹೆಸರನ್ನು ಅವರು ಇಟ್ಟುಕೊಂಡಿದ್ದಲ್ಲ. ಅವರು ಕೆಲಸ ಮಾಡುತ್ತಿದ್ದ ನ್ಯೂಯಾರ್ಕಿನ ಕ್ಲಬ್ 1935ರಲ್ಲಿ ಮೊದಲ ಸಲ ಕೊಟ್ಟಾಗ ಅದಕ್ಕೆ ಅವರ ಹೆಸರಿರಲಿಲ್ಲ. 1936ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡ ಮೇಲೆ ಇಟ್ಟಿದ್ದು.

— ಸಂ.