ಪ್ರವಾದಿ ದೇವರಲ್ಲ ಅಂದಮೇಲೆ ಎಲ್ಲದಕ್ಕೂ ಅವರನ್ನೇ ಯಾಕೆ ನೋಡುತ್ತೀರಿ?
ಪ್ರವಾದಿ ಮುಹಮ್ಮದರು (ಸ) ದೇವರಲ್ಲ ಅಂತ ನೀವೇ ಹೇಳುತ್ತೀರಿ, ಮತ್ತೆ ನಮಾಜಿನಿಂದ ಊಟದವರೆಗೆ ಅವರನ್ನೇ ಯಾಕೆ ಅನುಸರಿಸುತ್ತೀರಿ ಅಂತ ಕೇಳಿದ್ದೀರಿ. ದೇವರಲ್ಲ, ಅದಕ್ಕೇ. ಒಬ್ಬ ಮನುಷ್ಯ ಮಾಡಿ ತೋರಿಸಿದ್ದನ್ನು ಇನ್ನೊಬ್ಬ ಮನುಷ್ಯ ಮಾಡಬಹುದು ಅಲ್ವಾ?

ಅಲ್ಲಾಹನ ದೂತರಲ್ಲಿ ನಿಮಗೆ ಒಳ್ಳೆಯ ಮಾದರಿ ಇದೆ ಅನ್ನುತ್ತದೆ ಕುರ್‌ಆನಿನ 33ನೇ ಅಧ್ಯಾಯದ 21ನೇ ವಚನ. ನಮಾಜ್ ಮಾಡಿ ಅನ್ನುವುದು ಕುರ್‌ಆನಿನಲ್ಲಿದೆ, ಎಷ್ಟು ರಕಅತ್ (ನಿಂತು, ಬಾಗಿ, ಸಾಷ್ಟಾಂಗ ಮಾಡುವ ಒಂದು ಸುತ್ತು), ಹೇಗೆ ಅನ್ನುವುದು ಅವರು ಮಾಡಿದ ರೀತಿಯಿಂದ ಗೊತ್ತಾಗುತ್ತದೆ. ಆ ರೀತಿಗೇ ಸುನ್ನತ್ ಅನ್ನುತ್ತೇವೆ.

ನನಗೆ ಇದು ಸರಿಯಾಗಿ ಅರ್ಥವಾಗಿದ್ದು ಮೆಣಸಿನ ಮೂಟೆಯಿಂದ. ಮೂಡಿಗೆರೆಯಲ್ಲಿ ನಮ್ಮದು ಕಾಫಿ, ಕಾಳುಮೆಣಸು ಕೊಳ್ಳುವ ಸಣ್ಣ ಅಂಗಡಿ. ಅಬ್ಬ, ಅಂದರೆ ನಮ್ಮಪ್ಪ, ಮೂಟೆಯ ಮೇಲಿನ ಕಾಳು ನೋಡುತ್ತಲೇ ಇರಲಿಲ್ಲ. ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಕೈ ಇಳಿಸಿ, ಒಳಗಿನಿಂದ ಒಂದು ಹಿಡಿ ತೆಗೆದು ಹಲ್ಲಲ್ಲಿ ಕಚ್ಚುತ್ತಿದ್ದರು. ಒಣಗಿದ್ದು ಟಕ್ ಅಂತ ಒಡೆಯುತ್ತದೆ, ಹಸಿ ಇದ್ದರೆ ಮೆತ್ತಗೆ ಅಮುಕುತ್ತದೆ. ಒಂದು ವರ್ಷ ಅಕಾಲದ ಮಳೆಗೆ ನಾಲ್ಕು ಮೂಟೆಯಷ್ಟು ಮೆಣಸು ನೆನೆಯಿತು. ನಾನಾಗ ಇಪ್ಪತ್ತರ ಹುಡುಗ, ನೆನೆದದ್ದನ್ನು ಅಡಿಗೆ ಹಾಕಿ, ಮೇಲೆ ಒಣಗಿದ ಕಾಳು ತುಂಬಿ, ಬಾಯಿ ಹೊಲಿದು ಲಾರಿಗೆ ರೆಡಿ ಮಾಡಿದ್ದೆ. ಅಬ್ಬ ಹೊಲಿಗೆ ಬಿಚ್ಚಿ ಕೈ ಇಳಿಸಿದರು. ಬೈಯಲಿಲ್ಲ, ಒಂದು ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಯ ವರದಿ, ಹೇಳಿದರು. ಪ್ರವಾದಿಯವರು ಮಾರಾಟಕ್ಕಿಟ್ಟ ಧಾನ್ಯದ ರಾಶಿಯೊಳಗೆ ಕೈ ಹಾಕಿದರಂತೆ, ಬೆರಳಿಗೆ ಒದ್ದೆ ತಾಗಿತು. ಏನಿದು ಅಂದರೆ, ಮಳೆಗೆ ನೆನೆಯಿತು ಅಂದ ವ್ಯಾಪಾರಿ. ಹಾಗಾದರೆ ಜನಕ್ಕೆ ಕಾಣುವ ಹಾಗೆ ಮೇಲೆ ಇಡಬಾರದಿತ್ತೇ, ಮೋಸ ಮಾಡುವವನು ನಮ್ಮವನಲ್ಲ ಅಂದರು. ಸಹೀಹ್ ಮುಸ್ಲಿಂ ಅನ್ನುವ ಹದೀಸ್ ಸಂಗ್ರಹದಲ್ಲಿದೆ ಇದು. ಗಮನಿಸಿ, ನೆನೆದದ್ದನ್ನು ಮಾರಲೇಬೇಡ ಅನ್ನಲಿಲ್ಲ, ಮೇಲೆ ಇಡು ಅಂದರು. ಪ್ರವಾದಿಯಾಗುವ ಮೊದಲು ಅವರೂ ವ್ಯಾಪಾರ ಮಾಡಿದವರೇ, ಮಳೆ ಯಾರ ಕೈಯಲ್ಲೂ ಇಲ್ಲ ಅನ್ನುವುದು ಅವರಿಗೆ ಗೊತ್ತು. ಆ ಸಂಜೆ ನಾಲ್ಕೂ ಮೂಟೆ ಬಿಚ್ಚಿ ಕಣದಲ್ಲಿ ಹರವಿದೆ.

ಹಾಗಂತ ಎಲ್ಲವನ್ನೂ ಸುಮ್ನೆ ನಕಲು ಮಾಡುವುದಲ್ಲ. ಮದೀನಾದವರು ಖರ್ಜೂರದ ಗಂಡು ಹೂವನ್ನು ಹೆಣ್ಣು ಹೂವಿಗೆ ಸೇರಿಸುತ್ತಿದ್ದರು. ಇದು ಬೇಕಿಲ್ಲವೇನೋ ಅಂದರು ಪ್ರವಾದಿ. ಜನ ಬಿಟ್ಟರು, ಫಸಲು ಇಳಿಯಿತು. ನಿಮ್ಮ ಲೋಕದ ಕೆಲಸ ನಿಮಗೇ ಚೆನ್ನಾಗಿ ಗೊತ್ತು ಅಂದುಬಿಟ್ಟರು. ತೋಟಕ್ಕೆ ಯಾವ ಗೊಬ್ಬರ ಅಂತ ನಾವು ಹದೀಸಿನಲ್ಲಿ ಹುಡುಕುವುದಿಲ್ಲ.

ನನಗೆ ಬೇಸರ ಆಗುವುದು ಇನ್ನೊಂದಕ್ಕೆ. ಗಡ್ಡ, ಟೋಪಿ ಬಗ್ಗೆ ನಮ್ಮಲ್ಲಿ ಜಾಸ್ತಿ ಮಾತು, ಮನೆಯೊಳಗಿನ ಸುನ್ನತ್ ಬಗ್ಗೆ ಕಡಿಮೆ. ಪ್ರವಾದಿಯವರು ಮನೆಯಲ್ಲಿ ಏನು ಮಾಡುತ್ತಿದ್ದರು ಅಂತ ಅವರ ಪತ್ನಿ ಆಯಿಷಾರನ್ನು ಕೇಳಿದಾಗ, ಮನೆಯವರ ಕೆಲಸಕ್ಕೆ ಕೈ ಹಾಕುತ್ತಿದ್ದರು, ನಮಾಜಿನ ಹೊತ್ತಾದರೆ ಎದ್ದು ಹೋಗುತ್ತಿದ್ದರು ಅಂದರು. ಊಟದಲ್ಲಿ ಪ್ರವಾದಿ ಯಾವತ್ತೂ ತಪ್ಪು ಹುಡುಕಿದವರಲ್ಲ. ಬೇಕಿದ್ದರೆ ತಿನ್ನುತ್ತಿದ್ದರು, ಬೇಡವಾದರೆ ಬಿಡುತ್ತಿದ್ದರು. ಎಲ್ಲಕ್ಕಿಂತ ಕಷ್ಟ ನನಗೆ ಇದೇ. ನಿನ್ನೆ ರಾತ್ರಿ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಬಾಯಿಗೆ ಬಂದ ಮಾತು ನುಂಗಿಕೊಂಡು ಉಂಡೆ, ತಟ್ಟೆ ನಾನೇ ತೊಳೆದಿಟ್ಟೆ.