ಸಿಹಿ ಬಿಸ್ಕತ್ತಿನ ಹಿಟ್ಟಿಗೆ ಸಕ್ಕರೆ ಬಿಟ್ಟು ಉಪ್ಪು-ಮೆಣಸು ಹಾಕಿದರೆ ಖಾರದ ಬಿಸ್ಕತ್ತು ಆಗುತ್ತದೆಯೇ?

ನೀವು ಎರಡು ತೊಂದರೆ ಹೇಳಿಕೊಂಡಿದ್ದೀರಿ. ಮೈದಾ, ಬೆಣ್ಣೆ, ಸಕ್ಕರೆ ಕಲಸಿ ಮಾಡಿದ ಸಿಹಿ ಬಿಸ್ಕತ್ತು ಓವನ್‌ನಲ್ಲಿ ಹರಡಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತಿದೆ. ಅದೇ ಅಳತೆಯಲ್ಲಿ ಸಕ್ಕರೆ ಬಿಟ್ಟು, ಹಿಟ್ಟು ಕೂಡಿಕೊಳ್ಳಲಿಲ್ಲ ಅಂತ ನೀರು ಚಿಮುಕಿಸಿ ಮಾಡಿದ ಖಾರದ್ದು ಬಿಳಿಚಿಕೊಂಡು, ಹಲ್ಲಿಗೆ ಸಿಗದಷ್ಟು ಗಟ್ಟಿಯಾಗುತ್ತಿದೆ. ಸಕ್ಕರೆ ಬರೀ ರುಚಿಗೆ ಅಂತ ನಾವು ಅಂದುಕೊಂಡಿರುತ್ತೇವೆ. ಬಿಸ್ಕತ್ತಿನಲ್ಲಿ ಅದಕ್ಕೆ ಬೇರೆ ಕೆಲಸಗಳೂ ಇವೆ. ನಿಮ್ಮ ಎರಡೂ ತೊಂದರೆಯ ಬೇರು ಬಹುಮಟ್ಟಿಗೆ ಅಲ್ಲೇ ಇದೆ.

ಸಕ್ಕರೆ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹಾಗಾಗಿ ಮೈದಾಕ್ಕೆ ಸಿಗುವ ನೀರು ಕಡಿಮೆಯಾಗಿ ಗ್ಲುಟೆನ್ (ಮೈದಾದ ಪ್ರೋಟೀನ್ ನೀರಿನೊಂದಿಗೆ ಸೇರಿ ಆಗುವ, ಎಳೆದರೆ ಹಿಗ್ಗುವ ಜಾಲ) ಅಷ್ಟಾಗಿ ಬೆಳೆಯುವುದಿಲ್ಲ, ಬಿಸ್ಕತ್ತು ಮುರಿದರೆ ಪುಡಿಪುಡಿಯಾಗುತ್ತದೆ. ಓವನ್‌ನಲ್ಲಿ ಅದೇ ಸಕ್ಕರೆ ಹಿಟ್ಟಿನ ತೇವದಲ್ಲಿ ಕರಗಿ ಪಾಕವಾಗಿ ಹಿಟ್ಟನ್ನು ಸಡಿಲ ಮಾಡುತ್ತದೆ, ಹರಡುವುದು ಆಗಲೇ. ಆರಿದ ಮೇಲೆ ಗಟ್ಟಿಯಾಗಿ ಗರಿಗರಿ ಕೊಡುವುದೂ, ಹೊಂಬಣ್ಣ ಬರಿಸುವುದರಲ್ಲಿ ದೊಡ್ಡ ಪಾಲೂ ಅದರದೇ. ಅದನ್ನು ತೆಗೆದು ನೀರು ಹಾಕಿದರೆ ಗ್ಲುಟೆನ್‌ಗೆ ಇದ್ದ ದೊಡ್ಡ ತಡೆ ಹೋಗುತ್ತದೆ, ನಾದಿದಷ್ಟೂ ಹಿಟ್ಟು ರಬ್ಬರಾಗುತ್ತದೆ. ಖಾರದ ಬಿಸ್ಕತ್ತಿಗೆ ಬೇರೆ ಅಳತೆಯೇ ಬೇಕು. ಒಂದೇ ಮುದ್ದೆ ಕಲಸಿ ಎರಡು ಪಾಲು ಮಾಡುವ ಉಪಾಯವನ್ನು ಬಿಟ್ಟುಬಿಡಿ.

ಮೊದಲು ಸಿಹಿಯದು. ತೂಕದಲ್ಲಿ ಮೂರು ಪಾಲು ಮೈದಾ, ಎರಡು ಪಾಲು ಬೆಣ್ಣೆ, ಒಂದು ಪಾಲು ಸಕ್ಕರೆ ಎನ್ನುವುದು ಹಳೆಯ ಲೆಕ್ಕ, ಈಗಲೂ ಸರಿ. 150 ಗ್ರಾಂ ಮೈದಾ, 100 ಗ್ರಾಂ ಉಪ್ಪಿಲ್ಲದ ಬೆಣ್ಣೆ, 50 ಗ್ರಾಂ ಪುಡಿ ಸಕ್ಕರೆ, ಕಾಲು ಟೀ ಚಮಚ ಉಪ್ಪು. ಇಷ್ಟಕ್ಕೆ 15 ಗ್ರಾಂ ತೂಕದ ಸುಮಾರು 20 ಬಿಸ್ಕತ್ತು ಆಗುತ್ತವೆ. ಉಪ್ಪು ಹಾಕಿದ ಬೆಣ್ಣೆಯೇ ಸಿಕ್ಕಿದ್ದರೆ ಬೇರೆ ಉಪ್ಪು ಬೇಡ. ಕಪ್ಪಿನಲ್ಲಿ ಮಾತ್ರ ಅಳೆಯಬೇಡಿ. ಚಮಚದಿಂದ ಸಡಿಲವಾಗಿ ತುಂಬಿದ ಒಂದು ಕಪ್ ಮೈದಾ 120 ಗ್ರಾಂ ಇದ್ದರೆ, ಡಬ್ಬಿಯೊಳಗೇ ಕಪ್ ಅದ್ದಿ ಒತ್ತಿ ತೆಗೆದದ್ದು 150 ಗ್ರಾಂ ದಾಟಬಹುದು. ಬಿಸ್ಕತ್ತಿನಲ್ಲಿ 30 ಗ್ರಾಂ ಮೈದಾ ಹೆಚ್ಚುಕಡಿಮೆಯಾದರೆ ಅದು ಬೇರೆಯೇ ತಿಂಡಿ. ದುಬಾರಿ ಬೀಟರ್ ಕೊಳ್ಳುವ ಮೊದಲು ಒಂದು ಅಡುಗೆ ತಕ್ಕಡಿ ಕೊಳ್ಳಿ ಎಂದು ಯಾರಿಗಾದರೂ ಹೇಳುತ್ತೇನೆ.

ಹರಡುವುದಕ್ಕೆ ಅತಿ ಸಾಮಾನ್ಯ ಕಾರಣ ಬೆಣ್ಣೆ ವಿಪರೀತ ಮೆತ್ತಗಾಗಿರುವುದು. ಬೇಕಾಗಿರುವುದು 18ರಿಂದ 20 ಡಿಗ್ರಿ: ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳು ಸಲೀಸಾಗಿ ಒಳಗೆ ಇಳಿಯಬಾರದು, ಮೇಲೆ ಎಣ್ಣೆಯ ಹೊಳಪು ಕಾಣಬಾರದು. ಹೊಳಪು ಬಂದಿದ್ದರೆ ಹತ್ತು ನಿಮಿಷ ಫ್ರಿಜ್‌ನಲ್ಲಿಡಿ. ಬೆಣ್ಣೆ, ಸಕ್ಕರೆ, ಉಪ್ಪನ್ನು ಮರದ ಸೌಟಿನಿಂದ ಒಂದೆರಡು ನಿಮಿಷ ಕಲಸಿದರೆ ಸಾಕು. ಕೇಕಿಗೆ ಮಾಡುವಂತೆ ಬೆಳ್ಳಗಾಗುವ ತನಕ ಬೀಟ್ ಮಾಡಿದರೆ ಗಾಳಿ ತುಂಬಿಕೊಂಡು, ಓವನ್‌ನಲ್ಲಿ ಉಬ್ಬಿ ಕುಸಿದು ಚಪ್ಪಟೆಯಾಗುತ್ತದೆ. ಹರಳು ಸಕ್ಕರೆ ಹಾಕಿದರೂ ಹೆಚ್ಚು ಹರಡುತ್ತದೆ. ಆ ಹರಳು ಕಲಸುವಾಗ ಪೂರ್ತಿ ಕರಗುವುದಿಲ್ಲ, ಉಳಿದದ್ದು ಓವನ್ನಿನ ಶಾಖಕ್ಕೆ ಕರಗಿ ಹಿಟ್ಟನ್ನು ನೀರಾಗಿಸುತ್ತದೆ.

ಮೈದಾ ಜರಡಿ ಹಿಡಿದು ಸೇರಿಸಿ, ಒಣ ಹಿಟ್ಟು ಕಾಣದಷ್ಟು ಮಾತ್ರ ಕೂಡಿಸಿ. ನಾದಬೇಡಿ. ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು 6 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಹಾಗೇ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಆಮೇಲೆ ಕತ್ತರಿಸಿ. ಮುದ್ದೆಯನ್ನೇ ಫ್ರಿಜ್‌ನಲ್ಲಿಟ್ಟು ಆಮೇಲೆ ಲಟ್ಟಿಸಲು ಹೋದರೆ ಅಂಚು ಒಡೆಯುತ್ತದೆ, ಅದನ್ನು ಕೂಡಿಸುತ್ತಾ ಕೂತರೆ ಕೈ ಬಿಸಿಗೆ ಬೆಣ್ಣೆ ಮತ್ತೆ ಕರಗುತ್ತದೆ. ಟ್ರೇಗೆ ಬೆಣ್ಣೆ ಸವರಬೇಡಿ, ಜಾರುವ ತಳದ ಮೇಲೆ ಹಿಟ್ಟು ಇನ್ನಷ್ಟು ಹರಡುತ್ತದೆ. ಬೇಕಿಂಗ್ ಪೇಪರ್ ಹಾಸಿದರೆ ಸಾಕು. ಎರಡನೇ ಸುತ್ತಿಗೆ ಬಿಸಿ ಟ್ರೇ ಬಳಸಲೇಬೇಡಿ: ಒಳಗೆ ಹೋಗುವ ಮೊದಲೇ ಬೆಣ್ಣೆ ಕರಗಲು ಶುರುವಾಗಿರುತ್ತದೆ.

160 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ಮೇಲ್ಭಾಗದ ಬಣ್ಣ ನೋಡಿ ಮೋಸ ಹೋಗಬೇಡಿ. ಒಂದನ್ನು ಚಾಕುವಿನ ತುದಿಯಿಂದ ಎತ್ತಿ ತಳ ನೋಡಿ. ತಳ ಹೊಂಬಣ್ಣ, ಅಂಚಿಗೆ ತೆಳುವಾಗಿ ಬಣ್ಣ, ನಡುವೆ ಒತ್ತಿದರೆ ಇನ್ನೂ ಮೆತ್ತಗೆ ಇದ್ದರೆ ತೆಗೆಯುವ ಹೊತ್ತು. ಓವನ್‌ನಲ್ಲೇ ಗಟ್ಟಿಯಾಗಲಿ ಅಂತ ಕಾದರೆ ಆರಿದ ಮೇಲೆ ಸೀದ ರುಚಿ ಬರುತ್ತದೆ. ಟ್ರೇ ಮೇಲೇ ಐದು ನಿಮಿಷ ಬಿಟ್ಟು ಆಮೇಲೆ ಜಾಲರಿಗೆ ದಾಟಿಸಿ. ಬಿಸಿಯಲ್ಲಿ ಎತ್ತಿದರೆ ಮುರಿಯುತ್ತವೆ.

ಈಗ ಖಾರದ್ದು. ಸಕ್ಕರೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಚೀಸ್ ಮತ್ತು ಕಾರ್ನ್‌ಫ್ಲೋರ್ ಹಂಚಿಕೊಳ್ಳಬೇಕು. 130 ಗ್ರಾಂ ಮೈದಾ, 20 ಗ್ರಾಂ ಬಿಳಿ ಕಾರ್ನ್‌ಫ್ಲೋರ್, 90 ಗ್ರಾಂ ತಣ್ಣನೆಯ ಉಪ್ಪಿಲ್ಲದ ಬೆಣ್ಣೆ, ಸಣ್ಣಗೆ ತುರಿದ ಗಟ್ಟಿ ಚೀಸ್ 80 ಗ್ರಾಂ, ಒಂದು ಟೀ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಒರಟಾಗಿ ಕುಟ್ಟಿದ ಕಾಳುಮೆಣಸು ಒಂದು ಟೀ ಚಮಚ, ಹುರಿದ ಜೀರಿಗೆ ಒಂದು ಟೀ ಚಮಚ. ಕಾರ್ನ್‌ಫ್ಲೋರ್‌ನಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಹಿಟ್ಟು ಬಿಗಿಯುವುದು ತಗ್ಗುತ್ತದೆ. ಚೀಸ್‌ನ ಕೊಬ್ಬು ಹಿಟ್ಟನ್ನು ಮೃದು ಮಾಡುತ್ತದೆ, ಅದರ ಪ್ರೋಟೀನ್ ಬಣ್ಣಕ್ಕೆ ನೆರವಾಗುತ್ತದೆ, ಅದರಲ್ಲಿರುವ ನೀರೇ ಹಿಟ್ಟು ಕೂಡಿಕೊಳ್ಳಲು ಬಹುಮಟ್ಟಿಗೆ ಸಾಕಾಗುತ್ತದೆ. ಆ ಒಂದು ಚಮಚ ಸಕ್ಕರೆ ಬಾಯಿಗೆ ಸಿಹಿ ಅನ್ನಿಸುವುದಿಲ್ಲ, ಬಣ್ಣಕ್ಕೆ ಮಾತ್ರ, ಬಿಡಬೇಡಿ. ಸ್ಲೈಸ್ ಅಥವಾ ಕ್ಯೂಬ್ ರೂಪದ ಪ್ರೊಸೆಸ್ಡ್ ಚೀಸ್ ಇಲ್ಲಿ ಅಷ್ಟಾಗಿ ಒಗ್ಗದು. ನಯವಾಗಿ ಕರಗಿ ಮೆತ್ತಗೇ ಉಳಿಯುವಂತೆ ತಯಾರಿಸಿರುವುದರಿಂದ ಬಿಸ್ಕತ್ತಿನ ಗರಿಗರಿ ಹೋಗುತ್ತದೆ. ಚೆಡ್ಡಾರ್, ಪಾರ್ಮೆಸಾನ್ ತರಹದ್ದು ಸರಿ. ಪಾರ್ಮೆಸಾನ್ ಹೆಚ್ಚು ಹಾಕಿದರೆ ಉಪ್ಪು ಚಿಟಿಕೆಗೆ ಇಳಿಸಿ.

ಕಲಸುವ ರೀತಿಯೂ ಬೇರೆ. ಇಲ್ಲಿ ಬೆಣ್ಣೆ ಫ್ರಿಜ್‌ನಿಂದ ನೇರ ಬರಬೇಕು. ಸಣ್ಣ ತುಂಡು ಮಾಡಿ ಮೈದಾ, ಕಾರ್ನ್‌ಫ್ಲೋರ್, ಸಕ್ಕರೆ, ಉಪ್ಪಿನೊಳಗೆ ಹಾಕಿ ಬೆರಳ ತುದಿಯಿಂದ ಉಜ್ಜಿ. ಅಂಗೈ ಬೇಡ, ಅದು ಬಿಸಿ ಹೆಚ್ಚು. ದಪ್ಪ ರವೆಯ ಹಾಗೆ ಉದುರುದುರಾದಾಗ ಚೀಸ್, ಮೆಣಸು, ಜೀರಿಗೆ ಬೆರೆಸಿ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಅದುಮಿ: ಉಂಡೆ ನಿಂತು, ಎರಡಾಗಿ ಮುರಿದಾಗ ಪುಡಿಯಾಗದೆ ನೀಟಾಗಿ ಮುರಿದರೆ ಹದ ಬಂದಿದೆ. ಪುಡಿಯಾಗಿ ಉದುರಿದರೆ ತಣ್ಣನೆಯ ಹಾಲನ್ನು ಒಂದು ಟೀ ಚಮಚ ಹಾಕಿ ಮತ್ತೆ ಪರೀಕ್ಷಿಸಿ. ಎರಡು ಟೀ ಚಮಚ ದಾಟುವ ಸಂದರ್ಭ ಅಪರೂಪ. ನೀವು ನೀರು ಚಿಮುಕಿಸಿ ಕೆಡಿಸಿಕೊಂಡದ್ದು ಈ ಹಂತದಲ್ಲೇ. ಮೊದಲಿಗೆ ಕೂಡುವುದಿಲ್ಲ ಅನ್ನಿಸುತ್ತದೆ, ಒಂದು ನಿಮಿಷ ಅದುಮಿದರೆ ಬೆಣ್ಣೆಯೇ ಹಿಡಿದುಕೊಳ್ಳುತ್ತದೆ.

4 ಸೆಂಟಿಮೀಟರ್ ಅಗಲದ ಉರುಳೆ ಮಾಡಿ, ಪೇಪರ್ ಸುತ್ತಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಹರಿತವಾದ ಚಾಕುವಿನಿಂದ 4 ಮಿಲಿಮೀಟರ್ ದಪ್ಪದ ಬಿಲ್ಲೆ ಕತ್ತರಿಸಿ, ಎರಡು ಮೂರು ಬಿಲ್ಲೆಗೊಮ್ಮೆ ಉರುಳೆಯನ್ನು ಸ್ವಲ್ಪ ತಿರುಗಿಸಿ, ಇಲ್ಲದಿದ್ದರೆ ಒಂದು ಬದಿ ಚಪ್ಪಟೆಯಾಗುತ್ತದೆ. 175 ಡಿಗ್ರಿ, 14ರಿಂದ 16 ನಿಮಿಷ. ಇದನ್ನು ಮಾತ್ರ ಸಿಹಿಯದಕ್ಕಿಂತ ಒಂದು ಛಾಯೆ ಹೆಚ್ಚು ಕೆಂಪಗೆ ಬೇಯಿಸಿ. ಆರಿದ ಮೇಲೆ ಗಟ್ಟಿಯಾಗಲು ಸಕ್ಕರೆಯ ಆಸರೆ ಇಲ್ಲ, ಒಳಗೆ ತೇವ ಉಳಿದರೆ ಮೆತ್ತಗೇ ಉಳಿಯುತ್ತದೆ. ಹಸಿ ಮೆಣಸಿನಕಾಯಿ, ಈರುಳ್ಳಿ ಹಾಕುವ ಆಸೆ ಇದ್ದರೆ ಬಾಣಲೆಯಲ್ಲಿ ಪೂರ್ತಿ ಒಣಗಿಸಿಕೊಂಡು ಹಾಕಿ, ಅವುಗಳ ನೀರು ಎಲ್ಲ ಕೆಡಿಸುತ್ತದೆ. ಬೇಕಿಂಗ್ ಪೌಡರ್ ಎರಡಕ್ಕೂ ಬೇಡ. ಸೋಡಾ ಅಂತೂ ಬೇಡವೇ ಬೇಡ: ಹುಳಿ ಅಷ್ಟಾಗಿ ಇಲ್ಲದ ಈ ಹಿಟ್ಟಿನಲ್ಲಿ ಅದು ಸೋಪಿನ ರುಚಿ ಬಿಟ್ಟು ಹೋಗುತ್ತದೆ.

ಬೆಣ್ಣೆ ಬದಲು ಎಣ್ಣೆ ಹಾಕಬಹುದೇ ಅಂತಲೂ ಕೇಳಿದ್ದೀರಿ. ಈ ಎರಡು ಅಳತೆಗೆ ಬೇಡ. ಸಾಮಾನ್ಯ ಅಡುಗೆ ಎಣ್ಣೆ ಬೆಣ್ಣೆಯಂತೆ ತಣ್ಣಗಾದಾಗ ಗಟ್ಟಿಯಾಗದು, ಹಾಗಾಗಿ ಆಕಾರ ಹಿಡಿದು ನಿಲ್ಲಿಸಲಾರದು. ಗೋಧಿ ಹಿಟ್ಟನ್ನಾದರೆ ಮೈದಾದ ಮೂರನೇ ಒಂದು ಪಾಲಿನ ತನಕ ಹಾಕಬಹುದು. ಹೊಟ್ಟು ತೇವ ಹೀರುವುದರಿಂದ ಒಂದು ಟೀ ಚಮಚ ಹಾಲು ಹೆಚ್ಚು ಬೇಕಾದೀತು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕೆಟ್ಟರೆ ಓವನ್ ಮೇಲೆ ಅನುಮಾನ ಪಡಿ. ಗುಂಡಿ 160 ಅಂದರೆ ಒಳಗೆ 160 ಇದೆ ಅಂತಲ್ಲ, ಮನೆಯ ಓವನ್‌ಗಳಲ್ಲಿ 10–20 ಡಿಗ್ರಿ ವ್ಯತ್ಯಾಸ ಸಾಮಾನ್ಯ. ಒಳಗಿಡುವ ಓವನ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಒರಟು ಪರೀಕ್ಷೆ: ನೀರಿಲ್ಲದ ಒಣ ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಓವನ್ ಚೆನ್ನಾಗಿ ಕಾದ ಮೇಲೆ ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಇಟ್ಟು 175ರಲ್ಲಿ 15 ನಿಮಿಷ ಬಿಡಿ. ಕರಗಿ ನೀರಾದರೆ ಓವನ್ ಹೇಳುವುದಕ್ಕಿಂತ ಬಿಸಿ. 195ಕ್ಕೆ ಏರಿಸಿ ಇನ್ನೊಂದು 15 ನಿಮಿಷ ಬಿಟ್ಟರೂ ಕರಗದಿದ್ದರೆ ತಣ್ಣಗೆ. ಎರಡನೆಯದಾದರೆ ನಿಮ್ಮ ಸಿಹಿ ಬಿಸ್ಕತ್ತು ಹರಡಲು ಅದೂ ಒಂದು ಕಾರಣ: ಅಂಚು ಬಿಗಿಯುವ ಮೊದಲೇ ಬೆಣ್ಣೆ ಪೂರ್ತಿ ಕರಗಿ ಹರಿದಿರುತ್ತದೆ. ಓವನ್ ಕಾಯಿತೆಂದು ತೋರಿಸುವ ದೀಪ ಆರಿದ ಕೂಡಲೇ ಟ್ರೇ ಇಡಬೇಡಿ. ಗಾಳಿ ಬಿಸಿಯಾಗಿರುತ್ತದೆ, ಗೋಡೆಗಳು ಆಗಿರುವುದಿಲ್ಲ. ಇನ್ನೂ ಹತ್ತು ನಿಮಿಷ ಕಾಯಿರಿ. ಓವನ್ನಿನ ಫ್ಯಾನ್ ಹಾಕಿಕೊಂಡರೆ ಬೇಯಿಸಲು ಹೇಳಿದ 160, 175 ಎರಡೂ ಶಾಖಗಳಿಂದ 20 ಡಿಗ್ರಿ ಇಳಿಸಿ. ಸಣ್ಣ ಓವನ್‌ಗಳಲ್ಲಿ ಕೆಳಗಿನ ಕಾಯುವ ಸರಳು ಟ್ರೇಗೆ ತೀರಾ ಹತ್ತಿರ ಇರುವುದರಿಂದ ತಳ ಬೇಗ ಸೀಯುತ್ತದೆ, ಟ್ರೇಯನ್ನು ಒಂದು ಮೆಟ್ಟಿಲು ಮೇಲಿಡಿ, ಅರ್ಧ ಹೊತ್ತಿನಲ್ಲಿ ಹಿಂದು-ಮುಂದು ತಿರುಗಿಸಿ.

ಪೂರ್ತಿ ಆರುವ ಮುನ್ನ ಡಬ್ಬಿಗೆ ತುಂಬಬೇಡಿ, ಒಳಗಿನ ಹಬೆಯೇ ಮೆತ್ತಗೆ ಮಾಡುತ್ತದೆ. ಸಿಹಿ ಮತ್ತು ಖಾರದ್ದನ್ನು ಒಂದೇ ಡಬ್ಬಿಯಲ್ಲಿಡುವುದೂ ಬೇಡ, ಒಂದು ರಾತ್ರಿಯಲ್ಲಿ ಸಿಹಿ ಬಿಸ್ಕತ್ತಿಗೆ ಜೀರಿಗೆ ವಾಸನೆ ಹತ್ತಿರುತ್ತದೆ. ಖಾರದ್ದು ಮೆತ್ತಗಾಗಿದ್ದರೆ 150 ಡಿಗ್ರಿಯಲ್ಲಿ ಐದಾರು ನಿಮಿಷ ಇಟ್ಟು ಆರಿಸಿದರೆ ಮತ್ತೆ ಗರಿಗರಿ. ಕತ್ತರಿಸದ ಉರುಳೆಯನ್ನು ಫ್ರೀಜರ್‌ನಲ್ಲಿ ಒಂದು ತಿಂಗಳು ಇಡಬಹುದು. ಚಾಕು ಇಳಿಯುವಷ್ಟು ಮೆತ್ತಗಾಗಲು ಹೊರಗೆ ಹತ್ತು ಹದಿನೈದು ನಿಮಿಷ ಬಿಟ್ಟು ಕತ್ತರಿಸಿ, ಬೇಯಿಸುವಾಗ ಎರಡು ನಿಮಿಷ ಹೆಚ್ಚು ಕೊಡಿ.